ಫಿನ್ಲೆಂಡ್‌ನಲ್ಲಿ ಮಗುವಿಗೆ ಲಕ್ಷಗಟ್ಟಲೆ, ನಮ್ಮಲ್ಲಿ 8 ರೂಪಾಯಿ: ಈ ಹೋಲಿಕೆ ಎಷ್ಟು ಸರಿ?

ಫಿನ್ಲೆಂಡ್ ಬಗ್ಗೆ ಎರಡು ಬಗೆಯ ಸಂದೇಶಗಳು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಒಂದನೆಯದು ಹೇಳುವುದು ಹೀಗೆ: ಅಲ್ಲಿನ ಸರ್ಕಾರ ಶಾಲೆಗೆ ಸೇರುವ ಮುನ್ನವೇ ಒಂದೊಂದು ಮಗುವಿನ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ರೂಪಾಯಿ ಖರ್ಚು ಮಾಡುತ್ತದೆ, ನಮ್ಮ ಸರ್ಕಾರ ಅಂಗನವಾಡಿ ಮಗುವಿಗೆ ಕೊಡುವುದು ದಿನಕ್ಕೆ 8 ರೂಪಾಯಿ. ಎರಡನೆಯದು: ಫಿನ್ಲೆಂಡ್‌ನಲ್ಲಿ 7 ವರ್ಷದ ತನಕ ಮಕ್ಕಳಿಗೆ ಯಾವ ಶಿಕ್ಷಣವೂ ಇಲ್ಲ, ಬರೀ ಆಟ, ಹಾಗಾಗಿ ಎಲ್‌ಕೆಜಿ, ಯುಕೆಜಿ, ಅಂಗನವಾಡಿ ಎಲ್ಲವೂ ದಂಡ.

ಎರಡನ್ನೂ ಒಂದೇ ದಿನ ಫಾರ್ವರ್ಡ್ ಮಾಡುವವರೂ ಇದ್ದಾರೆ. ಆದರೆ ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಶಿಕ್ಷಣವೇ ಇಲ್ಲದಿದ್ದರೆ ಆ ಲಕ್ಷಗಟ್ಟಲೆ ಹಣ ಹೋಗುವುದು ಎಲ್ಲಿಗೆ?

ಮೊದಲ ಸಂದೇಶದಲ್ಲಿ ಬರುವ ಅಂಕಿಗಳು ಪೂರ್ತಿ ಸುಳ್ಳಲ್ಲ. ಲಕ್ಷವೂ ನಿಜ, 8 ರೂಪಾಯಿಯೂ ನಿಜ. ಆದರೆ ಅವೆರಡನ್ನು ಅಕ್ಕಪಕ್ಕ ಇಡುವುದು ತಪ್ಪು. ಯಾಕೆ ಎಂದು ಇಲ್ಲಿ ಒಂದೊಂದಾಗಿ ನೋಡುತ್ತೇವೆ. ಹಾಗೆಂದು ಕೊನೆಗೆ ಎರಡೂ ದೇಶ ಸಮ ಎಂಬ ಸಮಾಧಾನದ ಉತ್ತರವೇನೂ ಸಿಗುವುದಿಲ್ಲ. ಅಂತರ ಇದೆ, ದೊಡ್ಡದೇ ಇದೆ. ಅದು ಫಾರ್ವರ್ಡ್ ಹೇಳುವಷ್ಟಿಲ್ಲ, ಫಾರ್ವರ್ಡ್ ತೋರಿಸುವ ಜಾಗದಲ್ಲೂ ಇಲ್ಲ.

8 ರೂಪಾಯಿ ಯಾವುದರ ಲೆಕ್ಕ?

ಅದು ಊಟದ ಲೆಕ್ಕ. ಅಂಗನವಾಡಿಗಳಲ್ಲಿ 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಪೂರಕ ಪೌಷ್ಟಿಕ ಆಹಾರ ಕೊಡಲು ನಿಗದಿಯಾದ ಘಟಕ ವೆಚ್ಚ ದಿನಕ್ಕೆ 8 ರೂಪಾಯಿ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ, ಗರ್ಭಿಣಿ ಮತ್ತು ಬಾಣಂತಿಯರಿಗೆ 9.50 ರೂಪಾಯಿ. 2017ರಲ್ಲಿ ಕೇಂದ್ರ ಸಚಿವ ಸಂಪುಟ 6 ರೂಪಾಯಿ ಇದ್ದದ್ದನ್ನು 8ಕ್ಕೆ ಏರಿಸಿತು. ಇದರಲ್ಲಿ ಹೆಚ್ಚಿನ ರಾಜ್ಯಗಳು ಅರ್ಧ ಪಾಲು ಕೊಡಬೇಕು, ಉಳಿದರ್ಧ ಕೇಂದ್ರದ್ದು. ವರ್ಷಕ್ಕೆ 300 ದಿನ ಎಂದು ಹಿಡಿದರೆ ಒಂದು ಮಗುವಿಗೆ 2,400 ರೂಪಾಯಿ. ಕರ್ನಾಟಕದಲ್ಲಿ ಹಾಲು, ಮೊಟ್ಟೆ ಕೊಡುವುದರಿಂದ ನಿಜವಾದ ಖರ್ಚು ಇದಕ್ಕಿಂತ ಹೆಚ್ಚು.

ಈ 8 ರೂಪಾಯಿಯಲ್ಲಿ ಟೀಚರ್ ಸಂಬಳವಿಲ್ಲ, ಕಟ್ಟಡವಿಲ್ಲ, ಆಟಿಕೆಯಿಲ್ಲ, ತರಬೇತಿಯಿಲ್ಲ. ಫಿನ್ಲೆಂಡ್‌ನ ಲಕ್ಷದಲ್ಲಿ ಇವೆಲ್ಲವೂ ಇವೆ, ಜೊತೆಗೆ ಊಟವೂ ಇದೆ. ಒಂದು ಮನೆಯ ಇಡೀ ತಿಂಗಳ ಖರ್ಚನ್ನು ಇನ್ನೊಂದು ಮನೆಯ ಹಾಲಿನ ಬಿಲ್ಲಿನ ಜೊತೆ ತೂಗಿದ ಹಾಗೆ ಇದು. (2017ರ ದರದಲ್ಲಿ ಇಂದು ಒಂದು ಮಗುವಿಗೆ ಹೊಟ್ಟೆ ತುಂಬ ಏನು ಕೊಡಬಹುದು ಎಂಬ ಪ್ರಶ್ನೆ ಗಂಭೀರವಾದದ್ದೇ. ಆದರೆ ಅದು ಪೌಷ್ಟಿಕತೆಯ ಪ್ರಶ್ನೆ, ಶಿಕ್ಷಣ ವೆಚ್ಚದ್ದಲ್ಲ.)

ಫಿನ್ಲೆಂಡ್‌ನಲ್ಲಿ 7 ವರ್ಷದವರೆಗೆ ಏನೂ ಇಲ್ಲವೇ?

ಅಲ್ಲಿ ಒಂದನೇ ತರಗತಿ ಶುರುವಾಗುವುದು ಮಗುವಿಗೆ 7 ವರ್ಷ ತುಂಬುವ ವರ್ಷ. ಇದು ನಿಜ. ಆದರೆ ಅದಕ್ಕೂ ಮುಂಚಿನ ಒಂದು ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣ 2015ರ ಆಗಸ್ಟ್‌ನಿಂದ ಕಡ್ಡಾಯ. ವರ್ಷಕ್ಕೆ ಕನಿಷ್ಠ 700 ಗಂಟೆ, ಪೂರ್ತಿ ಉಚಿತ, ಊಟ ಸಹಿತ. ಅದಕ್ಕೂ ಮುಂಚೆ, ಮಗು ಚಿಕ್ಕದಿರುವಾಗಲೇ ಸ್ಥಳೀಯ ಆಡಳಿತದ ಶಿಶುವಿಹಾರದಲ್ಲಿ ಜಾಗ ಸಿಗುವುದು ಕಾನೂನುಬದ್ಧ ಹಕ್ಕು. 1996ರಿಂದ ಶಾಲಾ ವಯಸ್ಸಿಗೆ ಮುಂಚಿನ ಎಲ್ಲ ಮಕ್ಕಳಿಗೂ ಈ ಹಕ್ಕಿದೆ. 3ರಿಂದ 5 ವರ್ಷದ ಮಕ್ಕಳಲ್ಲಿ ಬಹುಪಾಲು ಅಲ್ಲಿಗೆ ಹೋಗುತ್ತಾರೆ. 2021ರಿಂದ 2024ರವರೆಗೆ 5 ವರ್ಷದವರಿಗೂ ಸೇರಿಸಿ ಎರಡು ವರ್ಷದ ಪೂರ್ವ ಪ್ರಾಥಮಿಕ ಶಿಕ್ಷಣದ ಪ್ರಯೋಗವನ್ನೂ ಅಲ್ಲಿ ನಡೆಸಿದರು.

ಆಟದ ಮೂಲಕ ಕಲಿಸುವುದನ್ನು ನಮ್ಮ ಫಾರ್ವರ್ಡುಗಳು ‘ಏನೂ ಕಲಿಸುವುದಿಲ್ಲ’ ಎಂದು ಅರ್ಥ ಮಾಡಿಕೊಂಡಿವೆ. ಪುಟ್ಟ ಮಕ್ಕಳ ಜೊತೆ ಅರ್ಥಪೂರ್ಣವಾಗಿ ಆಡಲು ಪದವಿ ಓದಿದ ಶಿಕ್ಷಕರು ಬೇಕು ಎಂದು ನಂಬಿರುವ ದೇಶ ಅದು. ಖರ್ಚಾಗುವುದು ಮುಖ್ಯವಾಗಿ ಅಲ್ಲೇ.

ಉಚಿತ ಎಂಬ ಮಾತನ್ನೂ ಸ್ವಲ್ಪ ತಿದ್ದಬೇಕು. ಆ ಕೊನೆಯ ಕಡ್ಡಾಯ ವರ್ಷ ಉಚಿತ. ಅದಕ್ಕಿಂತ ಕೆಳಗಿನ ವಯಸ್ಸಿಗೆ ಪೋಷಕರ ಆದಾಯಕ್ಕೆ ತಕ್ಕಂತೆ ಶುಲ್ಕವಿದೆ. ಕಡಿಮೆ ಆದಾಯದವರಿಗೆ ಏನೂ ಇಲ್ಲ. ಹೆಚ್ಚು ಗಳಿಸುವವರಿಗೆ ಒಂದು ಮಗುವಿಗೆ ತಿಂಗಳಿಗೆ ಸುಮಾರು 300 ಯೂರೊ ಗರಿಷ್ಠ ಮಿತಿ.

ಹಣ ಯಾವ ಇಲಾಖೆಯ ಪುಸ್ತಕದಲ್ಲಿದೆ?

ಬಹಳಷ್ಟು ಹೋಲಿಕೆಗಳು ಹಾದಿ ತಪ್ಪುವುದು ಇಲ್ಲಿ.

ಫಿನ್ಲೆಂಡ್‌ನಲ್ಲಿ ಶಿಶುವಿಹಾರಗಳು ಮೊದಲು ಸಮಾಜ ಕಲ್ಯಾಣ ಮತ್ತು ಆರೋಗ್ಯ ಸಚಿವಾಲಯದಡಿ ಇದ್ದವು. 2013ರ ಜನವರಿಯಲ್ಲಿ ಶಿಕ್ಷಣ ಮತ್ತು ಸಂಸ್ಕೃತಿ ಸಚಿವಾಲಯಕ್ಕೆ ಬಂದವು. ನಡೆಸುವುದು ಮಾತ್ರ ಅಲ್ಲಿನ 300ಕ್ಕೂ ಹೆಚ್ಚು ಪುರಸಭೆಗಳು, ತಮ್ಮ ತೆರಿಗೆ ಹಣದಿಂದ ಮತ್ತು ಸರ್ಕಾರದ ಅನುದಾನದಿಂದ. ಅಲ್ಲಿನ ಕೇಂದ್ರ ಬಜೆಟ್ ಒಂದನ್ನೇ ನೋಡಿದವರಿಗೆ ಖರ್ಚಿನ ದೊಡ್ಡ ಭಾಗ ಕಾಣುವುದೇ ಇಲ್ಲ.

ಭಾರತದಲ್ಲಿ ಕಥೆ ಇನ್ನೂ ಗೋಜಲು. ಅಂಗನವಾಡಿ ಬರುವುದು ಶಿಕ್ಷಣ ಸಚಿವಾಲಯದಡಿ ಅಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆರಂಭದಿಂದಲೂ ಈ ಯೋಜನೆಗೆ ಆರು ಸೇವೆಗಳು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ಇಂದು ಸುಮಾರು 14 ಲಕ್ಷ ಅಂಗನವಾಡಿಗಳಿವೆ.

ಪೂರಕ ಆಹಾರಕ್ಕೂ ಶಾಲಾಪೂರ್ವ ಶಿಕ್ಷಣಕ್ಕೂ ಹಣ ಒಂದೇ ಯೋಜನೆಯಿಂದ. ಈಗ ಅದರ ಹೆಸರು ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0. 2024-25ರ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ 21,200 ಕೋಟಿ ರೂಪಾಯಿ ಇಟ್ಟರು. ಇದರಲ್ಲಿ ಶಾಲಾಪೂರ್ವ ಶಿಕ್ಷಣದ ಪಾಲು ಎಷ್ಟು ಎಂದು ಬೇರೆ ಮಾಡುವುದು ಹೇಗೆ? ಬೆಳಿಗ್ಗೆ ಹಾಡು ಹೇಳಿಕೊಡುವ ಟೀಚರೇ ಮಧ್ಯಾಹ್ನ ಊಟ ಬಡಿಸುತ್ತಾರೆ, ಮಗುವಿನ ತೂಕ ನೋಡುತ್ತಾರೆ, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ ತುಂಬುತ್ತಾರೆ, ಗರ್ಭಿಣಿಯರ ಮನೆಗೆ ಹೋಗುತ್ತಾರೆ. ಅವರ ಗೌರವಧನದಲ್ಲಿ ಎಷ್ಟು ರೂಪಾಯಿ ‘ಶಿಕ್ಷಣ’?

ಹಾಗಾಗಿ ಒಬ್ಬರು ಅಂಗನವಾಡಿ ಹಣವನ್ನು ಪೂರ್ತಿ ಬಿಟ್ಟು ಲೆಕ್ಕ ಹಾಕುತ್ತಾರೆ, ಭಾರತದ ಪೂರ್ವ ಪ್ರಾಥಮಿಕ ವೆಚ್ಚ ಹೆಚ್ಚುಕಡಿಮೆ ಸೊನ್ನೆ ಎಂದು ಬರುತ್ತದೆ. ಇನ್ನೊಬ್ಬರು ಪೂರ್ತಿ ಸೇರಿಸುತ್ತಾರೆ. 2022ರಲ್ಲಿ ತಾಷ್ಕೆಂಟ್‌ನಲ್ಲಿ ಯುನೆಸ್ಕೊ ಸಮ್ಮೇಳನದ ಘೋಷಣೆ, ದೇಶಗಳು ಶಿಕ್ಷಣ ವೆಚ್ಚದ ಕನಿಷ್ಠ ಶೇ 10ರಷ್ಟನ್ನು ಪೂರ್ವ ಪ್ರಾಥಮಿಕಕ್ಕೆ ಇಡಬೇಕು ಎಂದಿತು. 2024-25ರ ಕೇಂದ್ರ ಶಿಕ್ಷಣ ಸಚಿವಾಲಯದ ಬಜೆಟ್ ಸುಮಾರು 1.2 ಲಕ್ಷ ಕೋಟಿ. 21,200 ಕೋಟಿಯನ್ನು ಅದರ ಪಕ್ಕದಲ್ಲಿಟ್ಟರೆ ಶೇ 17ಕ್ಕೂ ಹೆಚ್ಚು! ‘ವಿಶ್ವಸಂಸ್ಥೆಯ ಗುರಿ ದಾಟಿದ ಭಾರತ’ ಎಂಬ ಫಾರ್ವರ್ಡ್ ಮಾಡಲು ಇಷ್ಟು ಸಾಕು. ಅದೂ ಅಷ್ಟೇ ಪೊಳ್ಳು: ಆ ಹಣದಲ್ಲಿ ಗರ್ಭಿಣಿಯರ ಆಹಾರವೂ ಇದೆ, ಹರೆಯದ ಹೆಣ್ಣುಮಕ್ಕಳ ಆಹಾರವೂ ಇದೆ, ಶಿಕ್ಷಣಕ್ಕೆ ನಮ್ಮಲ್ಲಿ ಹೆಚ್ಚು ಖರ್ಚು ಮಾಡುವ ರಾಜ್ಯಗಳು ಆ ಭಾಗಾಕಾರದಲ್ಲೇ ಇಲ್ಲ.

ಕರ್ನಾಟಕದವರು ಎಚ್ಚರ ವಹಿಸಬೇಕಾದ ಇನ್ನೊಂದು ಗುಂಡಿ ಇದೆ. ರಾಜ್ಯ ಬಜೆಟ್‌ನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಒಟ್ಟು ಮೊತ್ತ ನೋಡಿ ‘ಮಕ್ಕಳಿಗೆ ಇಷ್ಟು ಸಾವಿರ ಕೋಟಿ’ ಎಂದು ಹಂಚಬೇಡಿ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಇದೇ ಇಲಾಖೆಯದು. 2024-25ರಲ್ಲಿ ಅದೊಂದಕ್ಕೇ 28 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೀಸಲಿತ್ತು. ಅಂದರೆ ಕೇಂದ್ರ ಸರ್ಕಾರ ಇಡೀ ದೇಶದ ಅಂಗನವಾಡಿಗಳಿಗೆ ಇಟ್ಟದ್ದಕ್ಕಿಂತ ಜಾಸ್ತಿ. ಗೃಹಲಕ್ಷ್ಮಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಅದು ಶಾಲಾಪೂರ್ವ ಶಿಕ್ಷಣದ ಖರ್ಚಲ್ಲ, ಅಷ್ಟೇ.

ಲಕ್ಷ ರೂಪಾಯಿ ಎಲ್ಲಿಂದ ಬರುತ್ತದೆ? ಲೆಕ್ಕ ಹಾಕಿ ನೋಡೋಣ

ದೊಡ್ಡ ವರದಿಗಳನ್ನು ಪಕ್ಕಕ್ಕಿಟ್ಟು ಒಂದು ಕೋಣೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ 3 ವರ್ಷ ಮೀರಿದ ಮಕ್ಕಳಿದ್ದಾರೆ. ಫಿನ್ಲೆಂಡ್‌ನ ನಿಯಮದಂತೆ ಪ್ರತಿ 7 ಮಕ್ಕಳಿಗೆ ಒಬ್ಬ ತರಬೇತಾದ ಸಿಬ್ಬಂದಿ ಇರಬೇಕು (3 ವರ್ಷದೊಳಗಿನವರಿಗೆ 4 ಮಕ್ಕಳಿಗೆ ಒಬ್ಬರು). ಸಂಬಳ ತಿಂಗಳಿಗೆ 3,000 ಯೂರೊ ಎಂದು ಇಟ್ಟುಕೊಳ್ಳೋಣ. ವರ್ಷಕ್ಕೆ 36,000. ಏಳು ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ಸುಮಾರು 5,140 ಯೂರೊ. ಯೂರೊಗೆ 90 ರೂಪಾಯಿಯಂತೆ 4.6 ಲಕ್ಷ ರೂಪಾಯಿ. ಕಟ್ಟಡ, ಊಟ, ಚಳಿಗಾಲದ ಹೀಟಿಂಗ್ ಯಾವುದನ್ನೂ ಇನ್ನೂ ಸೇರಿಸಿಲ್ಲ.

ಈಗ ಅಂಗನವಾಡಿ. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಿಂದ ನಿಗದಿ ಮಾಡಿರುವ ಗೌರವಧನ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಇಬ್ಬರಿಗೂ ಸೇರಿ ವರ್ಷಕ್ಕೆ 81,000. ಕೇಂದ್ರದಲ್ಲಿ 3ರಿಂದ 6 ವರ್ಷದ 20 ಮಕ್ಕಳಿದ್ದಾರೆ ಎಂದು ಹಿಡಿದರೆ ಒಂದು ಮಗುವಿಗೆ 4,050 ರೂಪಾಯಿ. ಇದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದಲ್ಲಿ ಕಾರ್ಯಕರ್ತೆಯ ಒಟ್ಟು ಗೌರವಧನ 10 ಸಾವಿರ ದಾಟಿದೆ. ಎಲ್ಲ ರಾಜ್ಯಗಳಲ್ಲೂ ಹಾಗಿಲ್ಲ. ಸರಿಸುಮಾರು ದುಪ್ಪಟ್ಟಾಗುತ್ತದೆ ಎಂದುಕೊಂಡರೆ 8,100 ರೂಪಾಯಿ.

ಬರೀ ರೂಪಾಯಿಯಲ್ಲಿ ನೋಡಿದರೆ ಫಿನ್ಲೆಂಡ್ 57 ಪಟ್ಟು ಮುಂದೆ. ಫಾರ್ವರ್ಡ್ ಇಲ್ಲಿಗೆ ನಿಲ್ಲುತ್ತದೆ. ನಾವು ಇನ್ನೊಂದು ಹೆಜ್ಜೆ ಇಡೋಣ. ಫಿನ್ಲೆಂಡ್‌ನಲ್ಲಿ ಬಸ್ ಟಿಕೆಟ್, ಮನೆ ಬಾಡಿಗೆ, ಕ್ಷೌರ ಎಲ್ಲವೂ ದುಬಾರಿ, ಆದ್ದರಿಂದ ಸಂಬಳವೂ ದೊಡ್ಡದು. ಆ ದೇಶದ ತಲಾ ಜಿಡಿಪಿ ವರ್ಷಕ್ಕೆ ಸುಮಾರು 50,000 ಯೂರೊ. ಅಂದರೆ ಒಂದು ಮಗುವಿನ ಸಿಬ್ಬಂದಿ ವೆಚ್ಚ ತಲಾ ಜಿಡಿಪಿಯ ಶೇ 10ರಷ್ಟು. ಭಾರತದ ತಲಾ ಜಿಡಿಪಿ 2024-25ರಲ್ಲಿ ಸುಮಾರು 2.35 ಲಕ್ಷ ರೂಪಾಯಿ. 8,100 ರೂಪಾಯಿ ಅದರ ಶೇ 3.4. ಈಗ ಅಂತರ 57 ಪಟ್ಟಲ್ಲ, 3 ಪಟ್ಟು.

ಉಳಿದದ್ದೆಲ್ಲ ಎಲ್ಲಿ ಹೋಯಿತು? ಅದು ಎರಡು ದೇಶಗಳ ಆದಾಯ ಮತ್ತು ಬೆಲೆಗಳ ಅಂತರ. ಒಂದು ಮಗುವಿನ ಬಗ್ಗೆ ಸರ್ಕಾರಕ್ಕೆ ಎಷ್ಟು ಕಾಳಜಿ ಎಂಬುದನ್ನು ಅದು ಹೇಳುವುದಿಲ್ಲ. ಈ ಕಾರಣಕ್ಕೇ ಅಂತರರಾಷ್ಟ್ರೀಯ ವರದಿಗಳು ‘ಕೊಳ್ಳುವ ಶಕ್ತಿಯ ಸಮಾನತೆ’ ಎಂಬ ದರ ಬಳಸುತ್ತವೆ. 2017ರಲ್ಲಿ ಬ್ಯಾಂಕಿನಲ್ಲಿ ಒಂದು ಡಾಲರ್‌ಗೆ 65.12 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವ ಸಾಮಾನು, ಸೇವೆಗಳನ್ನು ಭಾರತದಲ್ಲಿ ಕೊಳ್ಳಲು ಸರಾಸರಿ 20.65 ರೂಪಾಯಿ ಸಾಕಿತ್ತು. ವರದಿಯ ಡಾಲರನ್ನು ಮೊಬೈಲ್‌ನಲ್ಲಿ ಸಿಗುವ ವಿನಿಮಯ ದರಕ್ಕೆ ಗುಣಿಸಿ ರೂಪಾಯಿ ಮಾಡಿದಾಗಲೇ ಅಂಕಿ ಮೂರು ಪಟ್ಟು ಉಬ್ಬಿಬಿಡುತ್ತದೆ.

ಈ ಮೂರು ಪಟ್ಟು ಅಂತರವೂ ಭಾರತಕ್ಕೆ ಸ್ವಲ್ಪ ಉದಾರವಾಗಿದೆ ಎನ್ನಬೇಕು. ಫಿನ್ಲೆಂಡ್‌ನ ಆ ಶಿಕ್ಷಕರ ಕೆಲಸ ಆ ಏಳು ಮಕ್ಕಳು ಮಾತ್ರ. ನಮ್ಮ ಅಂಗನವಾಡಿ ಟೀಚರ್ ಕೆಲಸದಲ್ಲಿ ಆರು ಸೇವೆಗಳಿವೆ; 3 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಇದ್ದಾರೆ; ಮೇಲಿಂದ ಸರ್ವೆಗಳು.

ಜಿಡಿಪಿಯ ಶೇಕಡಾವಾರು ನೋಡಿದರೆ ಸಾಕಲ್ಲವೇ?

ಸಾಲದು. ಫಿನ್ಲೆಂಡ್ ಶಾಲೆಗೆ ಮುಂಚಿನ ಎಲ್ಲ ವಯಸ್ಸಿನ ಮಕ್ಕಳ ಶಿಕ್ಷಣ ಮತ್ತು ಪಾಲನೆಗೆ ಜಿಡಿಪಿಯ ಶೇ 1ಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ. ಭಾರತದ ಕೇಂದ್ರ ಸರ್ಕಾರದ 21,200 ಕೋಟಿ, ಆ ವರ್ಷದ ಸುಮಾರು 330 ಲಕ್ಷ ಕೋಟಿ ಜಿಡಿಪಿಯ ಶೇ 0.06 ಮಾತ್ರ, ರಾಜ್ಯಗಳ ಪಾಲು ಇದರ ಮೇಲೆ.

ಆದರೆ ಎಷ್ಟು ಮಕ್ಕಳಿಗೆ? ಸುಮಾರು 56 ಲಕ್ಷ ಜನಸಂಖ್ಯೆಯ ಫಿನ್ಲೆಂಡ್‌ನಲ್ಲಿ ಈಚಿನ ವರ್ಷಗಳಲ್ಲಿ ಹುಟ್ಟುವ ಮಕ್ಕಳು ವರ್ಷಕ್ಕೆ 45 ಸಾವಿರದ ಆಸುಪಾಸು. ಭಾರತದಲ್ಲಿ ಸುಮಾರು 2.3 ಕೋಟಿ. ಮೂರು ವರ್ಷದ ಮಕ್ಕಳನ್ನು ಒಟ್ಟು ಹಾಕಿದರೆ ಅಲ್ಲಿ ಜನಸಂಖ್ಯೆಯ ಶೇ 2.5ರಷ್ಟು, ಇಲ್ಲಿ ಶೇ 5ರ ಹತ್ತಿರ. ನಾಳೆ ಭಾರತ ಜಿಡಿಪಿಯ ಅಷ್ಟೇ ಪಾಲನ್ನು ಖರ್ಚು ಮಾಡಿದರೂ ಒಂದೊಂದು ಮಗುವಿಗೆ ಸಿಗುವ ಪಾಲು ಅದರ ಅರ್ಧ. ಶೇಕಡಾ ಸರಿಸಮ ಆದ ದಿನ ಸಿಹಿ ಹಂಚಲು ಹೊರಡುವ ಮುನ್ನ ಇದು ನೆನಪಿರಲಿ.

ಪೋಷಕರು ಜೇಬಿನಿಂದ ಕಟ್ಟುವುದು ಯಾವ ಸರ್ಕಾರಿ ಲೆಕ್ಕದಲ್ಲೂ ಇಲ್ಲ. ನಮ್ಮ ಪಟ್ಟಣಗಳಲ್ಲಿ ಖಾಸಗಿ ಎಲ್‌ಕೆಜಿಗೆ ಸಾವಿರಗಟ್ಟಲೆ ಫೀಸು ಕಟ್ಟುವ ಮನೆಗಳ ಖರ್ಚು ‘ಭಾರತದ ಪೂರ್ವ ಪ್ರಾಥಮಿಕ ವೆಚ್ಚ’ ಎಂಬ ಸರ್ಕಾರಿ ಅಂಕಿಯಲ್ಲಿ ಸೊನ್ನೆ. ಅದೇ ಮಕ್ಕಳನ್ನು ಭಾಗಾಕಾರದಲ್ಲಿ ಸೇರಿಸುತ್ತಾರೋ ಬಿಡುತ್ತಾರೋ ಎಂಬುದರ ಮೇಲೆ ‘ಪ್ರತಿ ಮಗುವಿಗೆ’ ಎಂಬ ಅಂಕಿಯೇ ಬದಲಾಗುತ್ತದೆ.

ಹೆಚ್ಚಿಸಿದರೋ, ಕಡಿತ ಮಾಡಿದರೋ?

ಬಜೆಟ್ ಸಮಯದಲ್ಲಿ ಒಂದೇ ದಿನ ಎರಡೂ ತಲೆಬರಹ ಬರುವುದುಂಟು. 2023-24ರಲ್ಲಿ ಸಕ್ಷಮ್ ಅಂಗನವಾಡಿಗೆ ಮೊದಲು ಇಟ್ಟದ್ದು 20,554 ಕೋಟಿ. ವರ್ಷದ ಕೊನೆಯಲ್ಲಿ ಪರಿಷ್ಕೃತ ಅಂದಾಜು 21,523 ಕೋಟಿ ಆಯಿತು. ಮರುವರ್ಷ 21,200 ಕೋಟಿ. ಮೊದಲನೆಯದಕ್ಕೆ ಹೋಲಿಸಿದರೆ ಹೆಚ್ಚಳ, ಎರಡನೆಯದಕ್ಕೆ ಹೋಲಿಸಿದರೆ ಕಡಿತ. ಇಬ್ಬರೂ ಸುಳ್ಳು ಹೇಳಿಲ್ಲ. ಹಾಗಾಗಿ ‘ಬಜೆಟ್ ಅಂದಾಜು’, ‘ಪರಿಷ್ಕೃತ ಅಂದಾಜು’, ‘ವಾಸ್ತವ ವೆಚ್ಚ’ ಎಂಬ ಮೂರರಲ್ಲಿ ಯಾವುದು ಎಂದು ಹೇಳದ ಸಂದೇಶವನ್ನು ನಂಬಬೇಕಿಲ್ಲ. ಅದೇ ರೀತಿ ವರ್ಷ, ವಯಸ್ಸಿನ ಗುಂಪು, ಕೇಂದ್ರದ ಹಣವೋ ಒಟ್ಟು ಹಣವೋ ಎಂಬುದು ಇಲ್ಲದಿದ್ದರೂ ಮುಂದಕ್ಕೆ ಕಳಿಸುವ ಮುನ್ನ ಒಮ್ಮೆ ಯೋಚಿಸಿ.

ಹಾಗಾದರೆ ನಿಜವಾದ ಅಂತರ ಎಲ್ಲಿದೆ?

ನಮ್ಮ ಪ್ರಕಾರ ಕಾನೂನಿನಲ್ಲಿದೆ, ಕೋಣೆಯೊಳಗಿನ ಮನುಷ್ಯರಲ್ಲಿದೆ.

ಫಿನ್ಲೆಂಡ್‌ನಲ್ಲಿ ಜಾಗ ಸಿಗದ ಪೋಷಕರು ಹಕ್ಕಿನ ಆಧಾರದಲ್ಲಿ ಪುರಸಭೆಯನ್ನು ಕೇಳಬಹುದು. ಅಲ್ಲಿ ಮೊದಲು ಹಕ್ಕು, ಅದಕ್ಕೆ ತಕ್ಕಂತೆ ಹಣ. ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಸಂವಿಧಾನದ 21ಎ ವಿಧಿಯ ಪ್ರಕಾರ ಮೂಲಭೂತ ಹಕ್ಕು. ಅದೇ 2002ರ 86ನೇ ತಿದ್ದುಪಡಿ 6 ವರ್ಷದೊಳಗಿನವರನ್ನು 45ನೇ ವಿಧಿಗೆ, ಅಂದರೆ ಕೋರ್ಟಿನಲ್ಲಿ ಕೇಳಲಾಗದ ನಿರ್ದೇಶಕ ತತ್ವಗಳ ಸಾಲಿಗೆ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಸರ್ಕಾರಗಳು ಉಚಿತ ಶಾಲಾಪೂರ್ವ ಶಿಕ್ಷಣಕ್ಕೆ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ, ‘ಮಾಡಲೇಬೇಕು’ ಎನ್ನುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆಯಿತು. ಆದರೆ ನೀತಿ ಬೇರೆ, ಕಾಯ್ದೆ ಬೇರೆ. ಒಂದು ವರ್ಷ ಯೋಜನೆಯ ಹಣ ಕಡಿಮೆಯಾದರೆ 4 ವರ್ಷದ ಮಗುವಿನ ಪರವಾಗಿ ಹಿಡಿದು ಕೇಳಲು ಒಂದು ಸೆಕ್ಷನ್ ಇಲ್ಲ.

ಇನ್ನು ಕೋಣೆಯೊಳಗೆ ಯಾರಿದ್ದಾರೆ? ಫಿನ್ಲೆಂಡ್‌ನ 2018ರ ಕಾಯ್ದೆಯಂತೆ 2030ರ ಹೊತ್ತಿಗೆ ಶಿಶುವಿಹಾರದ ಸಿಬ್ಬಂದಿಯಲ್ಲಿ ಮೂರನೇ ಎರಡು ಭಾಗ ಪದವಿ ಮಟ್ಟದ ಅರ್ಹತೆ ಇರುವವರಾಗಬೇಕು. ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯನ್ನು ಇಂದಿಗೂ ‘ಗೌರವಧನದ ಸ್ವಯಂಸೇವಕಿ’ ಎಂದೇ ಕಾಗದದಲ್ಲಿ ಬರೆಯುತ್ತಾರೆ. ಅವರಿಗೆ ಗ್ರಾಚ್ಯುಟಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ, ಯೋಜನೆ ಶುರುವಾಗಿ 46 ವರ್ಷದ ಮೇಲೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ವಿಚಾರ ಬಂದಾಗ ಕರ್ನಾಟಕದ ಕಾರ್ಯಕರ್ತೆಯರು ಬೀದಿಗಿಳಿದದ್ದು ಇದೇ ಕಾರಣಕ್ಕೆ: ಶಿಕ್ಷಣ ಬೇರೆ ಕಡೆ ಹೋದರೆ ಅಂಗನವಾಡಿಗೆ ಮಕ್ಕಳು ಬರುವುದಿಲ್ಲ, ತಮಗೆ ಉಳಿಯುವುದು ಊಟ ಹಂಚುವ ಕೆಲಸ ಎಂಬ ಆತಂಕ. ಆನಂತರ ಅಂಗನವಾಡಿಗಳಲ್ಲೇ ‘ಸರ್ಕಾರಿ ಮಾಂಟೆಸ್ಸರಿ’ ಆರಂಭವಾಯಿತು.

2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಪೋಷಣ್ ಭೀ ಪಢಾಯಿ ಭೀ’ ಎಂಬ ಕಾರ್ಯಕ್ರಮ ಶುರು ಮಾಡಿತು. ಅಂದರೆ ಪೋಷಣೆಯೂ ಇರಲಿ, ಓದೂ ಇರಲಿ. 3ರಿಂದ 6 ವರ್ಷದವರಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮ 2024ರಲ್ಲಿ ಬಂತು. ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ಕೊಡಬೇಕು ಎಂಬುದು ಇದರ ಗುರಿ. 300 ದಿನಕ್ಕೆ ಗುಣಿಸಿದರೆ ವರ್ಷಕ್ಕೆ 600 ಗಂಟೆ. ಫಿನ್ಲೆಂಡ್‌ನ ಕಡ್ಡಾಯ ವರ್ಷದ ಕನಿಷ್ಠ 700. ಕಾಗದದ ಮೇಲೆ ಎರಡಕ್ಕೂ ಅಷ್ಟೇನೂ ದೂರವಿಲ್ಲ. ನಿಮ್ಮೂರಿನ ಅಂಗನವಾಡಿಯಲ್ಲಿ ಆ ಎರಡು ಗಂಟೆ ಸಿಗುತ್ತಿದೆಯೇ, ಆ ಹೊತ್ತಿನಲ್ಲಿ ಟೀಚರ್ ಮಕ್ಕಳ ಜೊತೆ ಇರುತ್ತಾರೋ ಅಥವಾ ಆ್ಯಪ್ ತುಂಬಲು ನೆಟ್‌ವರ್ಕ್ ಹುಡುಕುತ್ತಾ ಜಗಲಿಯಲ್ಲಿ ನಿಂತಿರುತ್ತಾರೋ ಎಂಬುದನ್ನು ಬಜೆಟ್ ಪುಸ್ತಕ ಹೇಳುವುದಿಲ್ಲ. ಅದನ್ನು ಒಂದು ಬೆಳಿಗ್ಗೆ ಹೋಗಿ ನೋಡಿಯೇ ತಿಳಿಯಬೇಕು. ಬಾಲವಿಕಾಸ ಸಮಿತಿಯಲ್ಲಿ ಪೋಷಕರಿಗೂ ಜಾಗವಿದೆ, ಅಲ್ಲಿ ಕೇಳಬಹುದು.